‘ಜುಲಾಬ ಹತ್ಯಾವ, ನಾಕು ಗುಳಿಗಿ ಕೊಡ್ರಿ’: ಧಾರವಾಡ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ ಜಿಲ್ಲೆ

ಪ್ರತಿಗಳು: ಜಿಲ್ಲಾ ಆರೋಗ್ಯಾಧಿಕಾರಿಗಳು, ಔಷಧ ನಿಯಂತ್ರಣ ಇಲಾಖೆ, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಆಯುಕ್ತರು, ಅವಳಿ ನಗರದ ಔಷಧ ಅಂಗಡಿಗಳ ಮಾಲೀಕರು

ವಿಷಯ: ಭೇದಿಗೆ ವೈದ್ಯರ ಚೀಟಿ ಇಲ್ಲದೆ ಸಿಗುವ ಆ್ಯಂಟಿಬಯೋಟಿಕ್, ಅದರಿಂದ ಕರುಳಿನ ಸೂಕ್ಷ್ಮಜೀವಿಗಳಿಗೆ ಆಗುತ್ತಿರುವ ಹಾನಿ.

ಮಾನ್ಯರೇ,

ಮುಂಗಾರು ಹಿಡಿದು ನಲ್ಲಿಯಲ್ಲಿ ಕದಡಿದ ನೀರು ಬರತೊಡಗಿತೆಂದರೆ ಔಷಧ ಅಂಗಡಿಯ ಮುಂದೆ ಕೇಳಿಬರುವ ಮಾತು ಒಂದೇ: “ಜುಲಾಬ ಹತ್ಯಾವ, ನಾಕು ಗುಳಿಗಿ ಕೊಡ್ರಿ.” ಕಾಗದದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಬರುವುದು ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಗುಳಿಗೆ, ಭೇದಿ ಕಟ್ಟುವ ಲೋಪೆರಮೈಡ್, ಜತೆಗೊಂದು ಆ್ಯಸಿಡಿಟಿ ಕ್ಯಾಪ್ಸೂಲು. ಎರಡು ದಿನದಲ್ಲಿ ಹೊಟ್ಟೆ ತಹಬಂದಿಗೆ ಬರುತ್ತದೆ. ಏನೂ ನುಂಗದಿದ್ದರೂ ಬಹಳಷ್ಟು ಮಂದಿಗೆ ಎರಡು-ಮೂರು ದಿನದಲ್ಲಿ ಅದು ನಿಲ್ಲುವಂಥದ್ದೇ. ಆದರೆ ಹೆಸರು ಗುಳಿಗೆಗೆ ಹೋಗುತ್ತದೆ, ಮುಂದಿನ ಸಲ ಮನೆಮಂದಿಗೆಲ್ಲ ಅದೇ ಗುಳಿಗೆ ಬರುತ್ತದೆ. ಆ ಪೊಟ್ಟಣ ಹೊಟ್ಟೆಗೆ ಇಳಿದ ಮೇಲೆ ಏನಾಗುತ್ತದೆ, ಅದನ್ನು ತಡೆಯಲು ಜಿಲ್ಲಾಡಳಿತದ ಕೈಯಲ್ಲಿ ಏನೇನಿದೆ ಎಂದು ತಿಳಿಸಲು ಈ ಪತ್ರ.

ಮನುಷ್ಯನ ದೊಡ್ಡ ಕರುಳಿನ ಒಂದೊಂದು ಗ್ರಾಂ ಮಲದಲ್ಲಿ ಸುಮಾರು 10,000 ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಇಡೀ ಮೈಯ ಲೆಕ್ಕ ಹಿಡಿದರೆ ಸುಮಾರು 38 ಲಕ್ಷ ಕೋಟಿ. ನಮ್ಮವೇ ಆದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. (ನಮ್ಮ ಒಂದು ಕೋಶಕ್ಕೆ ಹತ್ತು ಬ್ಯಾಕ್ಟೀರಿಯಾ ಎಂಬ ಮಾತು ಇಂದಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. 2016ರಲ್ಲಿ ಮತ್ತೆ ಎಣಿಸಿ ನೋಡಿ ಅದನ್ನು ತಿದ್ದಿಯಾಗಿದೆ.) ಈ ಬ್ಯಾಕ್ಟೀರಿಯಾಗಳೆಲ್ಲ ಸೇರಿ ತೂಗುವುದು 200 ಗ್ರಾಂ ಆಸುಪಾಸು. ಇವುಗಳಲ್ಲಿ ಬಹುಪಾಲು ಜೀವಿಗಳು ಆಮ್ಲಜನಕ ಸೋಕಿದರೆ ಬದುಕುವುದಿಲ್ಲ.

ಇವು ಮಾಡುವ ಕೆಲಸವನ್ನು ‘ಜೀರ್ಣಕ್ಕೆ ಸಹಾಯ’ ಎಂದು ಹೇಳಿ ಮುಗಿಸುವ ರೂಢಿ ಇದೆ. ಅದು ಸಾಲದು. ನಾವು ಅರಗಿಸಲಾಗದ ಜೋಳದ, ಕಾಳಿನ ನಾರನ್ನು ಇವು ಹುದುಗಿಸಿ ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಇದರಿಂದಲೇ ಬರುತ್ತದೆ. ಬ್ಯುಟಿರೇಟನ್ನು ಉರಿಸುವಾಗ ಆ ಕೋಶಗಳು ಆಮ್ಲಜನಕವನ್ನೆಲ್ಲ ಬಳಸಿಬಿಡುವುದರಿಂದ ಕರುಳಿನ ಒಳಗೆ ಆಮ್ಲಜನಕ ಸೋರುವುದಿಲ್ಲ. ಬ್ಯುಟಿರೇಟ್ ಕಡಿಮೆಯಾದರೆ ಸೋರುತ್ತದೆ. ಆಮ್ಲಜನಕ ಸಿಕ್ಕರೆ ಬಳಸಿಕೊಳ್ಳಬಲ್ಲ ಸಾಲ್ಮೊನೆಲ್ಲಾ, ಇ. ಕೋಲಿ ಗುಂಪಿನವು ಆಗ ಹುಲುಸಾಗಿ ಬೆಳೆಯುತ್ತವೆ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಪಿತ್ತರಸದ ಆಮ್ಲಗಳನ್ನು ಮಾರ್ಪಡಿಸಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ರೋಗಾಣು ತಲೆಯೆತ್ತದಂತೆ ನೋಡಿಕೊಳ್ಳುತ್ತವೆ. ಉಳಿದವು ಜಾಗ ಮತ್ತು ಆಹಾರ ಹಿಡಿದು ಕೂತಿರುವುದರಿಂದಲೇ ಹೊರಗಿನಿಂದ ಬಂದದ್ದಕ್ಕೆ ನೆಲೆ ಸಿಗುವುದಿಲ್ಲ.

ಜೋಡಿ ಗುಳಿಗೆ ಹೊಡೆಯುವುದು ಇದೇ ಏರ್ಪಾಟನ್ನು. ಆರ್ನಿಡಜೋಲ್ ಇರುವುದು ಅಮೀಬಾ, ಜಿಯಾರ್ಡಿಯಾ ಮತ್ತು ಆಮ್ಲಜನಕ ಸಹಿಸದ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು. ಓಫ್ಲಾಕ್ಸಾಸಿನ್ ಕೊಲ್ಲುವುದು ಇ. ಕೋಲಿ, ಸಾಲ್ಮೊನೆಲ್ಲಾ ಗುಂಪಿನವನ್ನು. ಇಂಥ ಔಷಧದ ಪೆಟ್ಟಿಗೆ ಕರುಳಿನ ಸ್ವಂತ ಜೀವಿಗಳೇ ಹೆಚ್ಚು ಬೀಳುತ್ತವೆ. ಭೇದಿ ತಂದದ್ದು ರೋಟಾವೈರಸ್ ಅಥವಾ ನೋರೋವೈರಸ್ ಆಗಿದ್ದರೆ ಎರಡರಲ್ಲಿ ಯಾವುದೂ ಅದನ್ನು ಮುಟ್ಟುವುದಿಲ್ಲ. ಖಾಲಿ ಬಿದ್ದ ಜಾಗದಲ್ಲಿ ಯೀಸ್ಟ್, ಎಂಟರೊಕಾಕಸ್, ಔಷಧಕ್ಕೆ ಜಗ್ಗದ ಇ. ಕೋಲಿ ಬೆಳೆಯುತ್ತವೆ. ಆ್ಯಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ನೂರಕ್ಕೆ 5ರಿಂದ 30 ಮಂದಿಗೆ ಅದರಿಂದಲೇ ಭೇದಿ ಹತ್ತುತ್ತದೆ. ಭೇದಿ ನಿಲ್ಲಿಸಲು ಕೊಟ್ಟ ಗುಳಿಗೆಯೇ ಹೊಸ ಭೇದಿ ತಂದಾಗ ಜನ ಮತ್ತೆ ಅದೇ ಅಂಗಡಿಯ ಕಟ್ಟೆಗೆ ಬಂದು ‘ಇನ್ನೊಂದೀಟು ಸ್ಟ್ರಾಂಗ್ ಇದ್ದದ್ದು ಕೊಡ್ರಿ’ ಎನ್ನುತ್ತಾರೆ.

ಹಾಳಾದದ್ದು ತಾನೇ ಸರಿಹೋಗುತ್ತದಲ್ಲ ಎಂದು ಕೇಳಬಹುದು. ಹೋಗುತ್ತದೆ, ಪೂರ್ತಿಯಾಗಿ ಅಲ್ಲ. 12 ಮಂದಿ ಆರೋಗ್ಯವಂತ ಗಂಡಸರಿಗೆ 4 ದಿನ ಮೂರು ಬಗೆಯ ಪ್ರಬಲ ಆ್ಯಂಟಿಬಯೋಟಿಕ್ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸುಮಾರು ಒಂದೂವರೆ ತಿಂಗಳಲ್ಲಿ ಕರುಳಿನ ಸೂಕ್ಷ್ಮಜೀವಿಗಳು ಬಹುತೇಕ ಮೊದಲಿನಂತಾದವು. ಆದರೆ ಮೊದಲು ಎಲ್ಲರಲ್ಲೂ ಇದ್ದ 9 ಪ್ರಭೇದಗಳು 180 ದಿನಗಳಾದರೂ ಹೆಚ್ಚಿನವರಲ್ಲಿ ಪತ್ತೆಯಾಗಲಿಲ್ಲ. ಇದು ಒಂದು ಸಲದ ಮಾತು. ವರ್ಷಕ್ಕೆ ಮೂರು-ನಾಲ್ಕು ಸಲ ನುಂಗುವ ಮಗುವಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ಇದಕ್ಕೂ ನಮ್ಮ ಊರಿನ ನೀರಿಗೂ ಇರುವ ನಂಟೇ ಈ ಪತ್ರದ ಮುಖ್ಯ ವಿಷಯ. 1950ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಸಾಮಾನ್ಯ ಇಲಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಲು ಸುಮಾರು 1 ಲಕ್ಷ ರೋಗಾಣು ಬೇಕಾಗುತ್ತಿತ್ತು. ಬಾಯಿಂದ ಒಂದು ಡೋಸ್ ಸ್ಟ್ರೆಪ್ಟೊಮೈಸಿನ್ ಕೊಟ್ಟ ಮೇಲೆ 10ಕ್ಕೂ ಕಡಿಮೆ ಸಾಕಾದವು. ಇಲಿಯ ಅಂಕಿಯನ್ನು ಮನುಷ್ಯನಿಗೆ ಹಾಗೇ ಅಂಟಿಸಲು ಬರುವುದಿಲ್ಲ. ಆದರೆ ನಿಯಮ ಒಂದೇ: ಕರುಳಿನ ಕಾವಲು ಸಡಿಲವಾದವನನ್ನು ಮಲಗಿಸಲು ನೀರಿನಲ್ಲಿ ಅಷ್ಟು ಕೊಳೆ ಇರಬೇಕಾಗಿಲ್ಲ. ನಲ್ಲಿ ಅದೇ, ನೀರು ಅದೇ, ಗುಳಿಗೆ ನುಂಗಿದವನಿಗೆ ಅಪಾಯ ಮಾತ್ರ ಜಾಸ್ತಿ.

ಆ ನೀರಿನ ಬಗ್ಗೆ ಜಗತ್ತಿನ ಬಹುತೇಕ ಊರುಗಳಿಗಿಲ್ಲದ ಮಾಹಿತಿ ಹುಬ್ಬಳ್ಳಿ-ಧಾರವಾಡಕ್ಕಿದೆ. ಅವಳಿ ನಗರದ ಸುಮಾರು ಹತ್ತನೇ ಒಂದು ಪಾಲು ಜನರಿಗೆ 24 ತಾಸಿನ ನೀರು ಬಂದ ಮೇಲೆ, ಆ ವಾರ್ಡುಗಳನ್ನೂ ಕೆಲವು ದಿನಕ್ಕೊಮ್ಮೆ ನೀರು ಬಿಡುವ ವಾರ್ಡುಗಳನ್ನೂ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹೋಲಿಸಿ ನೋಡಿದರು. ದಿನ ಬಿಟ್ಟು ಬರುವ ನಲ್ಲಿ ನೀರಿನ ಮಾದರಿಗಳಲ್ಲಿ ಹೆಚ್ಚೂಕಡಿಮೆ ಮೂರರಲ್ಲೊಂದರಲ್ಲಿ ಇ. ಕೋಲಿ ಸಿಕ್ಕಿತು. ಸದಾ ಹರಿಯುವ ನೀರಿನಲ್ಲಿ ನೂರಕ್ಕೆ ಒಂದರಲ್ಲೂ ಇರಲಿಲ್ಲ. ನದಿ ಅದೇ, ಶುದ್ಧೀಕರಣ ಅದೇ. ವ್ಯತ್ಯಾಸ ಬಂದದ್ದು ಕೊಳವೆಯಲ್ಲಿ. ನೀರು ನಿಂತಾಗ ಕೊಳವೆಯ ಒತ್ತಡ ಇಳಿದು, ಬಿರುಕಿನಿಂದ ಸುತ್ತಲಿನ ಚರಂಡಿಯ ನೀರು ಒಳಗೆ ಸೇರುತ್ತದೆ. ವಾಲ್‌ಮನ್ ವಾಲ್ವ್ ತಿರುಗಿಸಿದಾಗ ಮೊದಲು ನಮ್ಮ ಕೊಡಕ್ಕೆ ಬೀಳುವುದು ಅದು. 2015ರಲ್ಲಿ ಪ್ರಕಟವಾದ ಮುಂದಿನ ಭಾಗದಲ್ಲಿ ಒಂದು ಪಾಠವೂ ಇದೆ. ಸದಾ ನೀರಿರುವ ಮನೆಗಳಲ್ಲಿ ಟೈಫಾಯ್ಡ್ ನೂರಕ್ಕೆ ಸುಮಾರು 40ರಷ್ಟು ಕಡಿಮೆ ಕಂಡಿತು, ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆಯಿತ್ತು. ಆದರೆ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಅಂದರೆ ಕೊಳವೆ ಎಷ್ಟೇ ಸುಧಾರಿಸಿದರೂ ಭೇದಿಯಂತೂ ಬಂದೇ ಬರುತ್ತದೆ. ಬಂದಾಗ ಏನು ಮಾಡುತ್ತೇವೆ ಎಂಬುದು ಉಳಿದೇ ಇರುತ್ತದೆ.

ಆದ್ದರಿಂದ ಪಾಲಿಕೆಗೆ ಒಂದೇ ಬೇಡಿಕೆ. ನೀರು ಬಿಡುವ ದಿನ ಪ್ರತಿ ವಾರ್ಡಿನ ಕಟ್ಟಕಡೆಯ ನಲ್ಲಿಯಲ್ಲಿ ಉಳಿದ ಕ್ಲೋರಿನ್ ಅಳೆದು, ಅಂಕಿಯನ್ನು ವಾರ್ಡ್ ಕಚೇರಿಯ ಬಾಗಿಲಿಗೆ ಬರೆದು ಹಾಕಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಒಂದು ಹನಿ ದ್ರಾವಣ, ಬಣ್ಣ ಹೋಲಿಸುವ ಒಂದು ಡಬ್ಬಿ ಇದ್ದರೆ ವಾಲ್‌ಮನ್ ಕೈಯಲ್ಲೇ ಒಂದು ನಿಮಿಷದ ಕೆಲಸ. ಮನೆಯವರು ಮೊದಲು ಬಂದ ನೀರನ್ನು ಭಾಂಡೆ ತೊಳೆಯಲು, ಅಂಗಳಕ್ಕೆ ಬಳಸಿ, ತಿಳಿಯಾದ ಮೇಲೆ ಕುಡಿಯಲು ಹಿಡಿದು ಕುದಿಸಲಿ. ಹಿಡಿದಿಟ್ಟ ನೀರಿಗೆ ಕೈ ಅದ್ದದೆ ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಲಿ.

ಇನ್ನು ಆ ನಾಲ್ಕು ಗುಳಿಗೆಯ ಜಾಗದಲ್ಲಿ ಏನು ಕೊಡಬೇಕು? ಓಆರ್‌ಎಸ್ (ನೀರಿಗೆ ಕದಡಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ) ಮತ್ತು ಸತು (ಝಿಂಕ್). ಎರಡೂ ಅಗ್ಗ. ಅಂಗಡಿಗೆ ಲಾಭ ಕಡಿಮೆ, ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣದಲ್ಲಿ ಸುಮಾರು 20.5 ಗ್ರಾಂ ಪುಡಿ ಇರುತ್ತದೆ: ಉಪ್ಪು 2.6, ಪೊಟ್ಯಾಷಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಗ್ಲೂಕೋಸ್ 13.5 ಗ್ರಾಂ. ಇದು ಪೂರ್ತಿ 1 ಲೀಟರ್ ನೀರಿಗೆ. ತಪ್ಪಾಗುವುದು ಇಲ್ಲೇ. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಒಂದು ಲೋಟಕ್ಕೆ ಕದಡಿದರೆ ಉಪ್ಪು-ಸಕ್ಕರೆ ಗಟ್ಟಿಯಾಗಿ ಕರುಳೇ ನೀರನ್ನು ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ, ಕೂಸಿನ ರಕ್ತದಲ್ಲಿ ಸೋಡಿಯಂ ಏರುತ್ತದೆ. ಒಂದು ಲೀಟರಿನ ಖಾಲಿ ನೀರಿನ ಬಾಟ್ಲಿಯಲ್ಲಿ ಅಳೆದು ಒಮ್ಮೆಗೇ ಪೂರ್ತಿ ಪೊಟ್ಟಣ ಕದಡಬೇಕು. ಕದಡಿದ ಮೇಲೆ ಕುದಿಸಬಾರದು, 24 ತಾಸು ದಾಟಿದರೆ ಚೆಲ್ಲಬೇಕು. ಪ್ರತಿ ಸಲ ನೀರಾಗಿ ಹೋದಾಗ 2 ವರ್ಷದೊಳಗಿನ ಕೂಸಿಗೆ 50ರಿಂದ 100 ಮಿಲಿ, 10 ವರ್ಷದವರೆಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕೆನಿಸಿದಷ್ಟು. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಿಂದ ನಿಧಾನ ಕುಡಿಸಬೇಕು. ಎದೆಹಾಲು, ಊಟ ನಿಲ್ಲಿಸಬಾರದು. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ತಲೆಮಟ್ಟಸ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸತುವಿನ ಗುಳಿಗೆ 6 ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, 2ರಿಂದ 6 ತಿಂಗಳ ಕೂಸಿಗೆ 10, ಒಟ್ಟು 14 ದಿನ. ಭೇದಿ ನಿಂತ ದಿನವೇ ಸತು ನಿಲ್ಲಿಸುವುದು ಎಲ್ಲ ಕಡೆ ಕಾಣುವ ತಪ್ಪು. ಅದು ಕರುಳಿನ ಪದರ ದುರಸ್ತಿಗೂ ಬೇಕು, ಮುಂದಿನ ಭೇದಿ ತಡೆಯಲೂ ಬೇಕು.

ಲೋಪೆರಮೈಡ್ ಸಣ್ಣ ಮಕ್ಕಳಿಗೆ ಕೊಡಲೇಬಾರದು. ರಕ್ತಭೇದಿ, ಜ್ವರ ಇದ್ದರೆ ದೊಡ್ಡವರಿಗೂ ಬೇಡ. ಅದು ಕರುಳಿನ ಚಲನೆ ನಿಲ್ಲಿಸಿ ಹೊರಗೆ ಹೋಗಬೇಕಾದದ್ದನ್ನು ಒಳಗೇ ಕೂಡಿಹಾಕುತ್ತದೆ.

ಓಆರ್‌ಎಸ್ ಎಂದು ಬರೆದು ಮಾರುವ ಹಣ್ಣಿನ ರುಚಿಯ ಸಿಹಿ ಪಾನೀಯಗಳದ್ದು ಬೇರೆ ಪೀಡೆ. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಹಾಕುವಂತಿಲ್ಲ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿದೆ. ಹಳೇ ದಾಸ್ತಾನು ಶಾಲೆ-ಆಸ್ಪತ್ರೆಗಳ ಹತ್ತಿರದ ಅಂಗಡಿಗಳಲ್ಲಿ ಉಳಿದಿದೆಯೇ ಎಂದು ಒಮ್ಮೆ ತಪಾಸಣೆ ಮಾಡಿಸಿ.

ಆ್ಯಂಟಿಬಯೋಟಿಕ್ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಮಲದಲ್ಲಿ ರಕ್ತ, ಅಕ್ಕಿ ತೊಳೆದ ನೀರಿನಂಥ ಕಾಲರಾ ಭೇದಿ, ಟೈಫಾಯ್ಡ್ ಇವಕ್ಕೆ ಬೇಕೇ ಬೇಕು, ವೈದ್ಯರು ಬರೆದಷ್ಟು ದಿನ ಬೇಕು. ಕಣ್ಣು ಗುಳಿಬಿದ್ದಿದ್ದರೆ, 6 ತಾಸು ಮೂತ್ರವಾಗದಿದ್ದರೆ, ಕೂಸು ಕುಡಿಯಲಾರದಷ್ಟು ಸೋತಿದ್ದರೆ ಅಂಗಡಿಗೆ ಹೋಗಿ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಒಯ್ಯಬೇಕು. ತಕರಾರು ಇರುವುದು ‘ಸ್ವಲ್ಪ ಟೈಫಾಯ್ಡ್ ಐತ್ರಿ’ ಎಂಬ ಮಾತಿನ ಬಗ್ಗೆ. ಸ್ವಲ್ಪ ಟೈಫಾಯ್ಡ್ ಎಂಬುದೊಂದಿಲ್ಲ. ಒಂದೇ ಒಂದು ವಿಡಾಲ್ ಪರೀಕ್ಷೆ ಹಿಡಿದು ಈ ಮಾತು ಹೊರಡುತ್ತದೆ. ಹಿಂದೆ ಬಂದುಹೋದ ಸೋಂಕು, ಲಸಿಕೆ, ಬೇರೆ ಜ್ವರ ಯಾವುದಿದ್ದರೂ ವಿಡಾಲ್ ಪಾಸಿಟಿವ್ ಬರಬಹುದು. ಸರಿಯಾದ ದಾರಿ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ: ಮೊದಲ ಡೋಸ್ ಕೊಡುವ ಮುಂಚೆ, ದೊಡ್ಡವರಿಂದ 8ರಿಂದ 10 ಮಿಲಿ ರಕ್ತ. ಎರಡು ಮಿಲಿ ತೆಗೆದು ಕಳಿಸಿದರೆ ರೋಗಾಣು ಇದ್ದರೂ ಸಿಗದೇ ಹೋಗಬಹುದು. ಸರಿಯಾಗಿ ಮಾಡಿದರೂ ಕಲ್ಚರ್ ಹಿಡಿಯುವುದು ನೂರಕ್ಕೆ ಸುಮಾರು 60 ಪ್ರಕರಣ ಎಂಬ ಮಿತಿಯೂ ಇದೆ. ಆದರೆ ಹಿಡಿದಾಗ ಯಾವ ಔಷಧ ನಾಟುತ್ತದೆ ಎಂದೂ ಹೇಳುತ್ತದೆ. ಸರಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ರಕ್ತ ತೆಗೆದು ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಪ್ರಯೋಗಾಲಯಕ್ಕೆ ಅದೇ ದಿನ ಮುಟ್ಟಿಸುವ ವ್ಯವಸ್ಥೆ ಆಗಲಿ. ಜಿಲ್ಲೆಯಲ್ಲಿ ಯಾವ ರೋಗಾಣುವಿಗೆ ಯಾವ ಔಷಧ ನಾಟುತ್ತಿದೆ ಎಂಬ ವಾರ್ಷಿಕ ಪಟ್ಟಿ ಎರಡೇ ಪುಟದಲ್ಲಿ, ಕನ್ನಡದಲ್ಲಿ, ಪ್ರತಿ ವೈದ್ಯರ ಮೇಜಿಗೆ ಬರಲಿ.

ಆ್ಯಂಟಿಬಯೋಟಿಕ್ ಜತೆ ‘ಹೊಟ್ಟಿ ಕೆಡಬಾರ್ದಂತ’ ಕೊಡುವ ಪ್ರೋಬಯೋಟಿಕ್ (ಜೀವಂತ ‘ಒಳ್ಳೆಯ’ ಸೂಕ್ಷ್ಮಜೀವಿಗಳ) ಕ್ಯಾಪ್ಸೂಲು ಈ ತಪ್ಪನ್ನು ಮುಚ್ಚಿಹಾಕುವುದಿಲ್ಲ. ಕೆಲವು ನಿರ್ದಿಷ್ಟ ಜಾತಿಗಳು ಆ್ಯಂಟಿಬಯೋಟಿಕ್ ಭೇದಿಯನ್ನು ಒಂದಿಷ್ಟು ತಗ್ಗಿಸುತ್ತವೆ, ನಿಜ. ಆದರೆ ಮಕ್ಕಳ ಸಾಮಾನ್ಯ ಭೇದಿಗೆ ಅವು ಉಪಯೋಗವಿಲ್ಲ ಎಂದು 2018ರಲ್ಲಿ ಉತ್ತರ ಅಮೆರಿಕದ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಅದೇ ವರ್ಷ ಇಸ್ರೇಲ್‌ನ ಅಧ್ಯಯನವೊಂದರಲ್ಲಿ ಪ್ರೋಬಯೋಟಿಕ್ ನುಂಗಿದವರ ಸ್ವಂತ ಸೂಕ್ಷ್ಮಜೀವಿಗಳು ಮರಳಿ ಬರಲು ಏನೂ ನುಂಗದವರಿಗಿಂತ ಹೆಚ್ಚು ದಿನ ಹಿಡಿಯಿತು. ಮನೆಯ ಮೊಸರಿನ ಬ್ಯಾಕ್ಟೀರಿಯಾಗಳೂ ಕರುಳಿನಲ್ಲಿ ನೆಲೆಸುವುದಿಲ್ಲ, ಹಾದುಹೋಗುತ್ತವೆ. ಮೊಸರು ತಿನ್ನಲು ಬೇರೆ ಕಾರಣಗಳು ಬೇಕಾದಷ್ಟಿವೆ, ಧಾರವಾಡಿ ಎಮ್ಮೆಯ ಮೊಸರಾದರಂತೂ ಕಾರಣ ಕೇಳುವವರೇ ಇಲ್ಲ. ಆ್ಯಸಿಡಿಟಿ ಕ್ಯಾಪ್ಸೂಲಿನದು ಇನ್ನೊಂದು ಕಥೆ. ಹೊಟ್ಟೆಯ ಆಮ್ಲ ಬಾಯಿಂದ ಇಳಿಯುವ ರೋಗಾಣುಗಳಿಗೆ ಮೊದಲ ತಡೆ. ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿ ಅದನ್ನು ಇಳಿಸಿಕೊಂಡವರ ಕರುಳಿನಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳು ಬಂದು ಸೇರುತ್ತವೆ, ಸಾಲ್ಮೊನೆಲ್ಲಾ ಮತ್ತು ಡಿಫಿಸಿಲ್ ಸೋಂಕಿನ ಸಾಧ್ಯತೆ ಏರುತ್ತದೆ.

ಸಾವಿರಾರು ರೂಪಾಯಿಗೆ ಮಲ ಪರೀಕ್ಷಿಸಿ ‘ನಿಮ್ಮ ಮೈಕ್ರೋಬಯೋಮ್ ಅಂಕ ಇಷ್ಟು’ ಎಂದು ಹೇಳುವ ಕಿಟ್‌ಗಳಿಗೆ ದುಡ್ಡು ಹಾಕಬೇಡಿ. ಆರೋಗ್ಯವಂತ ಕರುಳಿನಲ್ಲಿ ಯಾವ ಜೀವಿ ಎಷ್ಟಿರಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇನ್ನೂ ಇಲ್ಲ.

ಕರುಳಿನ ಜೀವಿಗಳಿಗೆ ಬೇಕಾದ ನಾರು ನಮ್ಮ ಎರೆನೆಲದಲ್ಲೇ ಇದೆ. 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ, ಇಡಿ ಕಡಲೆಯಲ್ಲಿ ಸುಮಾರು 25. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು. ಎರಡು ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮೆಂತೆ-ಹಕ್ಕರಿಕೆ ತಪ್ಪಲು, ಒಂದಿಷ್ಟು ಅಗಸಿ ಹಿಂಡಿ ಇದ್ದರೆ ಒಂದೇ ಊಟದಲ್ಲಿ ಅರ್ಧಕ್ಕಿಂತ ಹೆಚ್ಚು ಸಂದಂತೆ. ಅನ್ನಕ್ಕೇ ಒಗ್ಗಿದ ಹೊಟ್ಟೆಗೆ ಇದನ್ನು ಒಮ್ಮೆಲೇ ತುಂಬಿದರೆ ಉಬ್ಬರಿಸುತ್ತದೆ. ಮೂರು-ನಾಲ್ಕು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ನಮ್ಮ ಜಿಲ್ಲೆಯ ಪಡಿತರದಲ್ಲಿ ಜೋಳದ ಪಾಲು ಖಾಯಂ ಆಗಲಿ ಎಂಬ ಬೇಡಿಕೆಗೆ ಇದೂ ಒಂದು ಆಧಾರ.

ಅಂಗನವಾಡಿಯ ವಿಷಯ ಇದಕ್ಕಿಂತ ತೂಕದ್ದು. ಅಪೌಷ್ಟಿಕ ಮಕ್ಕಳ ಕರುಳಿನ ಸೂಕ್ಷ್ಮಜೀವಿಗಳು ವಯಸ್ಸಿಗೆ ತಕ್ಕಂತೆ ಬಲಿತಿರುವುದಿಲ್ಲ ಎಂದು ಬಾಂಗ್ಲಾದೇಶದಲ್ಲಿ ಕಂಡುಕೊಂಡರು. ಆ ಜೀವಿಗಳನ್ನು ಬೆಳೆಸಲೆಂದೇ ಕಡಲೆ ಹಿಟ್ಟು, ಶೇಂಗಾ ಹಿಟ್ಟು, ಸೋಯಾ ಹಿಟ್ಟು, ಕಾಯಿ ಬಾಳೆ ಸೇರಿಸಿ ಪೂರಕ ಆಹಾರವೊಂದನ್ನು ಮಾಡಿದರು. 2021ರಲ್ಲಿ ಪ್ರಕಟವಾದ ಢಾಕಾದ ಪ್ರಯೋಗದಲ್ಲಿ, ಹೆಚ್ಚು ಕ್ಯಾಲೊರಿಯ ರೂಢಿಯ ಪೂರಕ ಆಹಾರ ತಿಂದ ಮಕ್ಕಳಿಗಿಂತ ಇದನ್ನು ತಿಂದ ಮಕ್ಕಳ ತೂಕ ವೇಗವಾಗಿ ಏರಿತು. ಕಡಲೆ, ಶೇಂಗಾ, ಸೋಯಾ, ಬಾಳೆ: ನವಲಗುಂದದಿಂದ ಹಾವೇರಿವರೆಗೆ ಇವೆಲ್ಲ ನಮ್ಮ ಹೊಲದ್ದೇ. ಢಾಕಾದಲ್ಲಿ ಆದದ್ದು ಇಲ್ಲೂ ಆಗುತ್ತದೆ ಎಂದು ಪರೀಕ್ಷಿಸದೆ ಹೇಳಲಾಗದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಕೆಎಂಸಿಆರ್‌ಐ ಕೂಡಿ, ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ ಪರೀಕ್ಷಿಸಲು ಜಿಲ್ಲಾಡಳಿತ ಮುಂದಾಗಬೇಕು.

ಎಳೆಗೂಸಿನ ಬಗ್ಗೆ ಎರಡು ಮಾತು. ಎದೆಹಾಲಿನಲ್ಲಿ ಕೂಸಿಗೆ ಅರಗದ ಒಂದು ಜಾತಿಯ ಸಕ್ಕರೆಗಳಿವೆ. ಅವು ಇರುವುದು ಕೂಸಿನ ಕರುಳಿನ ಬೈಫಿಡೊಬ್ಯಾಕ್ಟೀರಿಯಂಗಳಿಗಾಗಿ. ಸಿಸೇರಿಯನ್ ಆದ ಬಾಣಂತಿ ಹಾಲು ಬೇಗ ಕುಡಿಸುವುದು ಇನ್ನೂ ಮುಖ್ಯ, ಏಕೆಂದರೆ ಹೆರಿಗೆಯ ದಾರಿಯಲ್ಲಿ ಕೂಸಿಗೆ ತಗುಲಬೇಕಾದ ಜೀವಿಗಳು ತಪ್ಪಿಹೋಗಿರುತ್ತವೆ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಪದ್ಧತಿ ಪೂರಾ ನಿಲ್ಲಬೇಕು. ಜೇನಿನಲ್ಲಿ ಬಾಟ್ಯುಲಿಸಂ ಬೀಜಾಣು ಇರಬಹುದು. ದೊಡ್ಡವರ ಕರುಳಿನ ಜೀವಿಗಳು ಅದನ್ನು ಮೊಳೆಯಗೊಡುವುದಿಲ್ಲ, ವರ್ಷ ತುಂಬದ ಕೂಸಿಗೆ ಆ ಕಾವಲು ಇನ್ನೂ ಬಂದಿರುವುದಿಲ್ಲ.

ಔಷಧ ನಿಯಂತ್ರಣ ಇಲಾಖೆಗೆ ಒಂದು ಸಂದು ತೋರಿಸಬೇಕಿದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧ ಮಾರಿದರೆ ವೈದ್ಯರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆದರೆ ಮೂಲ ಪಟ್ಟಿಯ 46 ಹೆಸರುಗಳಲ್ಲಿ ಸೆಫಿಕ್ಸಿಮ್, ಲಿವೋಫ್ಲಾಕ್ಸಾಸಿನ್ ಇದ್ದರೂ ಓಫ್ಲಾಕ್ಸಾಸಿನ್, ಆರ್ನಿಡಜೋಲ್, ಅಜಿತ್ರೊಮೈಸಿನ್ ಇರಲಿಲ್ಲ. ಕಟ್ಟೆಯ ಮೇಲೆ ಅತಿ ಹೆಚ್ಚು ಓಡುವವು ರಿಜಿಸ್ಟರಿಗೇ ಬರಲಿಲ್ಲ. ಚೀಟಿ ಇಲ್ಲದೆ ಮಾರುವುದು ಎಚ್ ಪಟ್ಟಿಯ (ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿ) ಪ್ರಕಾರವೂ ತಪ್ಪೇ, ಬರೆದಿಡುವ ಕಡ್ಡಾಯ ಮಾತ್ರ ಇಲ್ಲ. ಜಿಲ್ಲೆಯ ಮಟ್ಟಿಗೆ ಈ ಮೂರನ್ನೂ ಅದೇ ರಿಜಿಸ್ಟರಿನಲ್ಲಿ ಬರೆಯಲು ಅಂಗಡಿಯವರ ಒಪ್ಪಿಗೆ ಪಡೆಯಿರಿ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ (ವೈದ್ಯರ ಚೀಟಿ ಇಲ್ಲದೆ ನುಂಗಬಾರದು ಎಂಬ ಗುರುತು) ಏನೆಂದು ತಿಳಿಸುವ ಕನ್ನಡ ಫಲಕ ಕಟ್ಟೆಯ ಎದುರಿಗಿರಲಿ, ಆಗ ಗಿರಾಕಿಯೊಂದಿಗೆ ವಾದಿಸುವ ಹೊರೆ ಅಂಗಡಿಯ ಹುಡುಗನ ಮೇಲೆ ಬೀಳುವುದಿಲ್ಲ. ಕೇರಳ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಶುರುಮಾಡಿತು. ಅಲ್ಲಿ ಆದದ್ದು ಇಲ್ಲಿ ಆಗದೇಕೆ?

ಹೈನು ಮಾಡುವವರಿಗೂ ಇದೇ ಮಾತು. ಕೆಚ್ಚಲು ಬಾವು ರೋಗಕ್ಕೆ ಔಷಧ ಹಾಕಿದ ಎಮ್ಮೆಯ ಹಾಲನ್ನು ಲೇಬಲ್ಲಿನಲ್ಲಿ ಬರೆದಷ್ಟು ದಿನ ಮಾರಬಾರದು. ಹೆಪ್ಪು ಹಾಕಿದ ಹಾಲು ಕಾರಣವಿಲ್ಲದೆ ಮೊಸರಾಗದೆ ಉಳಿದರೆ ಅದರಲ್ಲಿ ಆ್ಯಂಟಿಬಯೋಟಿಕ್ ಇರಬಹುದೆಂದು ಶಂಕಿಸಬೇಕು.

ಕೊನೆಯದಾಗಿ, ಬದಲಾವಣೆ ಆಗುತ್ತಿದೆಯೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ಜಿಲ್ಲೆಯ ಸಗಟು ಔಷಧ ವ್ಯಾಪಾರಿಗಳಿಂದ ಪ್ರತಿ ತಿಂಗಳು ಮೂರೇ ಅಂಕಿ ಪಡೆಯಿರಿ: ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಎಷ್ಟು ಸ್ಟ್ರಿಪ್ ಹೋಯಿತು, ಓಆರ್‌ಎಸ್ ಎಷ್ಟು ಪೊಟ್ಟಣ, ಸತು ಎಷ್ಟು ಗುಳಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳ ಲೆಕ್ಕವನ್ನು ಹಿಂದಿನ ವರ್ಷದ್ದರ ಜತೆ ಇಟ್ಟು ಪ್ರಕಟಿಸಿ. ಲೆಕ್ಕದ ನಮೂನೆ, ಅಂಗಡಿಯ ಫಲಕದ ಬರಹ, ವಾಲ್‌ಮನ್‌ಗಳಿಗೆ ಕ್ಲೋರಿನ್ ಅಳೆಯುವ ಅರ್ಧ ದಿನದ ತರಬೇತಿ, ಈ ಮೂರನ್ನೂ ದುಡ್ಡಿಲ್ಲದೆ ಮಾಡಿಕೊಡಲು ನಾವು ಸಿದ್ಧರಿದ್ದೇವೆ. ಮುಂಗಾರಿಗೆ ಮುಂಚೆ ಒಂದು ಸಭೆಗೆ ದಿನ ಗೊತ್ತುಮಾಡಿ.

ಇಂತಿ,
ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ ಮತ್ತು ಆಹಾರ ವಿಜ್ಞಾನದಲ್ಲಿ ಕೆಲಸ ಮಾಡುವ ಕೆಲವರು
ಹುಬ್ಬಳ್ಳಿ-ಧಾರವಾಡ